ಸ್ಟೀರಿಂಗ್ ಇಲ್ಲದ ಅಳಿಯ

ರೈಲ್ವೆ ಯೂನಿಯನ್ನಿನಲ್ಲಿ ಅವನನ್ನು ಎಲ್ಲರೂ ಗಂಟಲಣ್ಣ ಎಂದೇ ಕರೆಯುತ್ತಿದ್ದರು. ಘೋಷಣೆ ಕೂಗುವುದಕ್ಕೆ ಅವನಿಗೆ ಮೈಕು ಬೇಕಿರಲಿಲ್ಲ. ಒಮ್ಮೆ ಯಾರೋ ಮರ್ಯಾದೆಗೆಂದು ಮೈಕು ಕೊಟ್ಟಿದ್ದಕ್ಕೆ ಮುಂದಿನ ಸಾಲಿನವರು ಕಿವಿ ಮುಚ್ಚಿಕೊಂಡು ಎದ್ದು ಹೋಗಿದ್ದರು. ಹೊಟ್ಟೆಪಾಡಿಗೆ ಅವನು ಮಾಡುತ್ತಿದ್ದದ್ದು ರೈಲು ಓಡಿಸುವ ಕೆಲಸ. ವಿಮಾನ ನಿಲ್ದಾಣದಿಂದ ಊರೊಳಗಿನ ದೊಡ್ಡ ಸ್ಟೇಷನ್ನಿಗೆ, ಅಲ್ಲಿಂದ ಮತ್ತೆ ವಿಮಾನ ನಿಲ್ದಾಣಕ್ಕೆ, ಬೆಳಗಿನಿಂದ ಸಂಜೆಯವರೆಗೆ ಅದೇ ದಾರಿ. ಆ ದಾರಿಯಲ್ಲಿ ಯಾವ ಮನೆಯವರು ಯಾವ ದಿನ ಬಟ್ಟೆ ಒಗೆದು ಹಾಕುತ್ತಾರೆ ಎಂಬುದೂ ಅವನಿಗೆ ಗೊತ್ತಿತ್ತು.

ರೈಲು ಓಡಿಸುವವರಲ್ಲಿ ಒಂದು ಪದ್ಧತಿ ಇದೆ. ಮುಂದೆ ಸಿಗ್ನಲ್ ಕಂಡ ಕೂಡಲೇ ಡ್ರೈವರು ಅದರ ಬಣ್ಣವನ್ನು ಬಾಯಿಬಿಟ್ಟು ಹೇಳಬೇಕು. ಪಕ್ಕದಲ್ಲಿ ಕೂತ ಸಹಾಯಕ ತನ್ನ ಕಣ್ಣಿಂದಲೂ ನೋಡಿ ಅದನ್ನೇ ತಿರುಗಿ ಹೇಳಬೇಕು. ಇವನು ‘ಹಸಿರು’ ಅಂದರೆ ಅವನೂ ‘ಹಸಿರು’ ಅನ್ನಬೇಕು, ಆಮೇಲೆ ಮುಂದಿನ ಮಾತು. ಹೊಸದಾಗಿ ಬಂದ ಮೇಲಧಿಕಾರಿಗಳಿಗೆ ಇದು ಇಬ್ಬರು ದೊಡ್ಡವರು ಕೂತು ಆಡುವ ಮಕ್ಕಳಾಟದಂತೆ ಕಂಡಿತೋ ಏನೋ, ಇನ್ನು ಮೇಲೆ ಡ್ರೈವರು ಒಬ್ಬನೇ ಸಾಕು, ಸಹಾಯಕ ಬೇಡ ಎಂದು ಆಜ್ಞೆ ಹೊರಡಿಸಿದರು. ಯೂನಿಯನ್ ಕೆಂಡವಾಯಿತು. ಸಭೆ ಸೇರಿತು. ಗುರುವಾರದಿಂದ ಮುಷ್ಕರ, ಒಪ್ಪಿಗೆ ಇದ್ದವರು ಕೈ ಎತ್ತಿ ಎಂದು ಕಾರ್ಯದರ್ಶಿ ಹೇಳುವಷ್ಟರಲ್ಲಿ ಗಂಟಲಣ್ಣನ ಕೈ ಮೇಲಿತ್ತು. ‘ಗುರುವಾರ’ ಎಂಬ ಮಾತು ಅವನ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ತಲೆಗೆ ಹೋಗಿದ್ದು ಮನೆಗೆ ಬಂದ ಮೇಲೆ. ಹೆಂಡತಿ ಸಣ್ಣ ಕೋಣೆಯ ಕಿಟಕಿಗೆ ಹೊಸ ಪರದೆ ಸಿಕ್ಕಿಸುತ್ತ ಸ್ಟೂಲಿನ ಮೇಲೆ ನಿಂತಿದ್ದಳು. ಗುರುವಾರ ಅವಳ ಅಮ್ಮ ಬರುವವರಿದ್ದರು.

ಅತ್ತೆಯ ವಿಚಾರ ಸ್ವಲ್ಪ ಹೇಳಲೇಬೇಕು. ಬೇರೊಂದು ಊರಿನಲ್ಲಿ ಅವರು ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಒಂದು ಹಳೇ ಕಾರಿನಿಂದ ಶುರುಮಾಡಿ, ಆ ಊರಿನ ಅರ್ಧ ಜನಕ್ಕೆ ಕಾರು ಕಲಿಸಿದವರು. ಶಿಷ್ಯರು ಬೆನ್ನ ಹಿಂದೆ ಅವರನ್ನು ಕ್ಲಚ್ಚಮ್ಮ ಅನ್ನುತ್ತಿದ್ದರು, ಎದುರಿಗೆ ಉಸಿರೆತ್ತುತ್ತಿರಲಿಲ್ಲ. ಇಂಥವರ ಒಬ್ಬಳೇ ಮಗಳು ರೈಲು ಡ್ರೈವರನ್ನು ಮದುವೆಯಾಗುತ್ತೇನೆ ಅಂದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. “ಸ್ಟೀರಿಂಗೇ ಇಲ್ಲದ ಮೇಲೆ ಅವನು ಎಂಥ ಡ್ರೈವರ್ರು? ಹಳಿ ಕರ್ಕೊಂಡ್ ಹೋಗುತ್ತೆ, ಇವನು ಕೂತಿರ್ತಾನೆ.” ಮದುವೆಗೆ ಬಂದರು, ಊಟ ಮಾಡಿದರು, ಅಳಿಯನನ್ನು ‘ಅಳಿಯಂದಿರೇ, ನೀವು’ ಎಂದು ಎರಡು ಮಾತಾಡಿಸಿದರು, ಹೊರಟುಹೋದರು. ಆ ‘ನೀವು’ ಮರ್ಯಾದೆಯ ನೀವಲ್ಲ, ಮಾರು ದೂರದಲ್ಲಿ ನಿಲ್ಲಿಸುವ ನೀವು ಎಂಬುದು ಗಂಟಲಣ್ಣನಿಗೆ ಅವತ್ತೇ ಅರ್ಥವಾಗಿತ್ತು. ಆಮೇಲೆ ಇಷ್ಟು ವರ್ಷದಲ್ಲಿ ಅತ್ತೆ ಅವನ ಮನೆಯಲ್ಲಿ ಒಂದು ರಾತ್ರಿಯೂ ಉಳಿದವರಲ್ಲ. ಮಗಳೇ ಹೋಗಿ ನೋಡಿಕೊಂಡು ಬರಬೇಕು.

ಅದಕ್ಕೇ ಅವನು ಒಂದು ಉಪಾಯ ಹೂಡಿದ್ದ. ಅತ್ತೆ ಬರುವ ದಿನಕ್ಕೆ ಸರಿಯಾಗಿ ಡ್ಯೂಟಿ ಅದಲುಬದಲು ಮಾಡಿಕೊಂಡು, ತಾನು ಓಡಿಸುವ ರೈಲಿನ ಮೊದಲ ಬೋಗಿಯಲ್ಲೇ ಅವರನ್ನು ಕೂರಿಸಿ, ಒಂದು ಲೋಟ ನೀರೂ ತುಳುಕದ ಹಾಗೆ ಊರಿಗೆ ತಂದು ಇಳಿಸುವುದು. ಸ್ಟೀರಿಂಗ್ ಇಲ್ಲದ್ದು ಎಂದರೆ ಏನು ಎಂದು ತೋರಿಸುವುದು. ಎಷ್ಟೋ ದಿನದಿಂದ ಮನಸ್ಸಿನಲ್ಲೇ ಮಂಡಿಗೆ ಮೆದ್ದಿದ್ದ. ಈಗ ಆ ರೈಲನ್ನು ಅವನೇ ಕೈ ಎತ್ತಿ ನಿಲ್ಲಿಸಿಬಿಟ್ಟಿದ್ದ.

ಸುದ್ದಿ ಕೇಳಿ ಹೆಂಡತಿ ಸ್ಟೂಲಿನಿಂದ ಇಳಿದಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಮುಷ್ಕರದ ದಿನ ಟ್ಯಾಕ್ಸಿ ಸಿಗುವುದು ಕನಸಿನ ಮಾತು, ಪಕ್ಕದ ಬೇಕರಿಯವರ ವ್ಯಾನು ಕೇಳಿ, ನೀವೇ ಹೋಗಿ ಕರೆತನ್ನಿ ಅಂದಳು. ಆಮೇಲೆ ಪರದೆಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಜವಾದ ಮಾತು ಹೇಳಿದಳು.

“ಫೋನಲ್ಲಿ ಅಮ್ಮನ ದನಿ ಮೊದಲಿನ ಹಾಗಿಲ್ಲ ಕಣ್ರೀ. ಈ ಸಲ ಬಂದವಳು ಇಲ್ಲೇ ಉಳ್ಕೋಬೇಕು. ಎರಡೇ ದಿನಕ್ಕೆ ವಾಪಸ್ ಟಿಕೆಟ್ ಮಾಡ್ಸಿದಾಳೆ. ದಾರೀಲಿ ಅವಳು ಏನೇ ಅಂದ್ರೂ ನೀವು ಬಾಯಿ ಬಿಡಬೇಡಿ. ಸಿಟ್ಟು ಬಂದ್ರೆ ಅವಳು ಅಲ್ಲಿಂದ್ಲೇ ತಿರುಗಿ ಹೋಗೋಳು.”

ಬಾಯಿ ಬಿಡಬೇಡಿ ಎಂದು ಅವನಿಗೆ ಹೇಳುವುದು ಸುಲಭ, ಅವನು ಮಾಡುವುದು ಕಷ್ಟ. ಆದರೂ ಆಗಲಿ ಅಂದ.

ಲೈಸೆನ್ಸ್ ಅವನ ಹತ್ತಿರ ಇತ್ತು. ಮೀಸೆ ಚಿಗುರುವಾಗ ಮಾಡಿಸಿದ್ದು, ಆಮೇಲೆ ಆಗಾಗ ಹೊಸದು ಮಾಡಿಸುತ್ತ ಬಂದದ್ದು ಬಿಟ್ಟರೆ ಅದಕ್ಕೆ ಬೇರೆ ಕೆಲಸ ಕೊಟ್ಟಿರಲಿಲ್ಲ. ಬೇಕರಿಯವನು ಬುಧವಾರ ಸಂಜೆ ಅವನನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಗಲ್ಲಿಯನ್ನು ಎರಡು ಸುತ್ತು ಸುತ್ತಿಸಿದ, ಎರಡನೆಯ ಸುತ್ತಿಗೆ ತಾನು ಇಳಿದುಕೊಂಡು ದೂರದಿಂದಲೇ ಹೇಳಿಕೊಟ್ಟ. ವ್ಯಾನಿನ ಹಿಂಭಾಗದಲ್ಲಿ ಬ್ರೆಡ್ಡಿನ ಖಾಲಿ ಟ್ರೇಗಳಿದ್ದವು. ಬ್ರೇಕು ಹಾಕಿದಾಗಲೆಲ್ಲ ಅವು ಒಟ್ಟಿಗೆ ಗಲಗಲ ಅನ್ನುತ್ತಿದ್ದವು.

ಗುರುವಾರ ಬೆಳಿಗ್ಗೆ ವಿಮಾನ ನಿಲ್ದಾಣದ ಹೊರಗೆ ಜಾತ್ರೆಯಷ್ಟು ಜನ. ಸೂಟ್‌ಕೇಸುಗಳ ಮೇಲೆ ಕೂತವರು, ಫೋನಿನಲ್ಲಿ ಜಗಳವಾಡುವವರು, ಟ್ಯಾಕ್ಸಿಯ ಸಾಲಿನಲ್ಲಿ ನಿಂತು ಮುಂದಿನವನ ಬೆನ್ನನ್ನೇ ದಿಟ್ಟಿಸುವವರು. ಎಲ್ಲರ ಬಾಯಲ್ಲೂ ರೈಲಿನವರಿಗೆ ಶಾಪ. ಗಂಟಲಣ್ಣ ಯೂನಿಯನ್ನಿನ ಬಿಲ್ಲೆಯನ್ನು ಮೆಲ್ಲಗೆ ಅಂಗಿಯಿಂದ ಬಿಚ್ಚಿ ಜೇಬಿಗೆ ಹಾಕಿಕೊಂಡ.

ಅತ್ತೆ ಹೊರಗೆ ಬಂದರು. ಕಪ್ಪು ಕನ್ನಡಕ, ಬೆನ್ನು ನೆಟ್ಟಗೆ. ವಿಮಾನ ಕಂಪನಿಯ ಯೂನಿಫಾರಂ ತೊಟ್ಟ ಹುಡುಗಿಯೊಬ್ಬಳು ಅವರ ಪೆಟ್ಟಿಗೆ ಎಳೆದುಕೊಂಡು ಪಕ್ಕದಲ್ಲೇ ಬರುತ್ತಿದ್ದಳು. ಬಂದಿಳಿದು ಇಷ್ಟು ಹೊತ್ತಿಗೆ ಒಬ್ಬಳನ್ನು ಕೆಲಸಕ್ಕೆ ಹಚ್ಚಿಯೂ ಆಯಿತಲ್ಲ ಅಂದುಕೊಂಡ ಅಳಿಯ, ಮುಂದೆ ಹೋಗಿ ಹಲ್ಲು ಕಿರಿದು ನಿಂತ. ಅತ್ತೆ ಅವನನ್ನು ಕಂಬ ದಾಟುವಂತೆ ದಾಟಿ ಹೋದರು. ಅವನ ಮುಖ ಸಣ್ಣದಾಯಿತು. ಹಿಂದಿನಿಂದ “ಅತ್ತೆ” ಎಂದು ಕೂಗಿದ. ಪಕ್ಕದಲ್ಲಿದ್ದ ಮಗು ಬೆಚ್ಚಿ ಅಳತೊಡಗಿತು.

“ಓ, ಅಳಿಯಂದಿರು,” ಎಂದು ಅವರು ತಿರುಗಿದರು. “ರೈಲು ನಿಲ್ಲಿಸಿದ್ರಂತೆ. ಅಷ್ಟಾದ್ರೂ ಬರುತ್ತಲ್ಲ ನಿಮಗೆ.”

ಬಾಯಿ ಬಿಡಬಾರದು. ಅವನು ಬಿಡಲಿಲ್ಲ. ವ್ಯಾನು ನೋಡಿದ ಕೂಡಲೇ ಕೀ ಕಿತ್ತುಕೊಂಡು ತಾವೇ ಓಡಿಸಲು ಕೂರುತ್ತಾರೆ ಎಂದೇ ಅವನ ಎಣಿಕೆಯಾಗಿತ್ತು. ಅವಮಾನವಾದರೂ ಸುಖವಾಗಿ ಮನೆ ಸೇರಬಹುದು ಎಂಬ ಆಸೆಯೂ ಒಳಗೊಳಗೇ ಇತ್ತು. ಆದರೆ ಅತ್ತೆ ಕೀ ಕೇಳಲಿಲ್ಲ. ಬಾಗಿಲನ್ನು ಕೈಯಿಂದ ತಡವಿ ನೋಡಿ, ಪಕ್ಕದ ಸೀಟಿನಲ್ಲಿ ಹೋಗಿ ಕೂತು, ಪರ್ಸನ್ನು ಮಡಿಲಲ್ಲಿಟ್ಟುಕೊಂಡರು. ಪರೀಕ್ಷೆ ಅಂದುಕೊಂಡ ಗಂಟಲಣ್ಣ.

ಪರೀಕ್ಷೆ ಮೊದಲ ವೃತ್ತದಲ್ಲೇ ಶುರುವಾಯಿತು. ಅಲ್ಲಿ ನಾಲ್ಕು ರಸ್ತೆ ಕೂಡುತ್ತಿದ್ದವು. ರೈಲಿನವನಿಗೆ ದಾರಿ ಆರಿಸಿ ಅಭ್ಯಾಸವಿಲ್ಲ. ಎಲ್ಲಿಗೆ ತಿರುಗಬೇಕೆಂಬುದನ್ನು ಸಿಗ್ನಲ್ ಕ್ಯಾಬಿನ್ನಿನಲ್ಲಿ ಕೂತವನು ನೋಡಿಕೊಳ್ಳುತ್ತಾನೆ, ಹಳಿ ತಾನಾಗಿ ತಿರುಗಿಸುತ್ತದೆ. ಗಂಟಲಣ್ಣ ಒಂದು ಸುತ್ತು ಹಾಕಿದ, ಯಾವ ರಸ್ತೆಯೂ ಅವನನ್ನು ತಾನಾಗಿ ಎಳೆದುಕೊಳ್ಳಲಿಲ್ಲ. ಇನ್ನೊಂದು ಸುತ್ತು ಹಾಕಿದ.

“ಮೂರನೇ ಸಲ ಬಿಸಿಲು ನನ್ನ ಎಡಗೆನ್ನೆಗೆ ಬಂತು,” ಅಂದರು ಅತ್ತೆ. “ಯಾರಾದ್ರೂ ಫೋನ್ ಮಾಡಿ ದಾರಿ ಹೇಳ್ತಾರೆ ಅಂತ ಕಾಯ್ತಿದ್ದೀರಾ?”

ಅವನು ಕಣ್ಣು ಮುಚ್ಚಿಕೊಂಡಂತೆ ಒಂದು ರಸ್ತೆಗೆ ನುಗ್ಗಿದ. ದೇವರು ದೊಡ್ಡವನು, ಅದು ಹಳಿಯ ಪಕ್ಕದ ರಸ್ತೆಯೇ ಆಗಿತ್ತು. ಹಳಿ ಕಂಡದ್ದೇ ಅವನಿಗೆ ಜೀವ ಬಂತು. ಮುಂದೆ ಟ್ರಾಫಿಕ್ ಸಿಗ್ನಲ್ ಬಂದಾಗ ರೂಢಿಯಂತೆ “ಹಸಿರು” ಎಂದು ಗುಡುಗಿದ. ತಿರುಗಿ ಯಾರೂ ಏನೂ ಹೇಳಲಿಲ್ಲ. ಹೇಳದಿದ್ದರೆ ಅವನ ಕಾಲು ಮುಂದುವರಿಯದು. ಹಿಂದಿನ ವಾಹನಗಳು ಹಾರ್ನ್ ಬಾರಿಸಿದವು.

ಅತ್ತೆ ಕಿವಿಯಿಂದ ಕೈ ತೆಗೆದು, ಇದು ಯಾರಿಗೆ ಹೇಳಿದ್ದು ಎಂದು ವಿಚಾರಿಸಿದರು. ಅವನು ಪದ್ಧತಿ ವಿವರಿಸಿದ. ಅವರು ಹೂಂ ಅಂದರು, ನಗಲಿಲ್ಲ. ಅದು ಅವನಿಗೆ ವಿಚಿತ್ರವಾಗಿ ಕಂಡಿತು. ಅಲ್ಲಿಂದ ಮುಂದೆ ಅವರೇ ಕೇಳತೊಡಗಿದರು, ಮುಂದೆ ಏನಿದೆ, ಎಷ್ಟು ದೂರದಲ್ಲಿದೆ, ದೀಪ ಯಾವ ಬಣ್ಣ. ಅವನು ಬೆವರೊರೆಸಿಕೊಂಡು ಪಾಠ ಒಪ್ಪಿಸಿದ. ಮುಂದೆ ಲಾರಿ. ಲಾರಿಯ ಮೇಲೆ ಮಂಚ. ಮಂಚದ ಮೇಲೆ ಒಬ್ಬ ಮಲಗಿದ್ದಾನೆ. ದೀಪ ಕೆಂಪು.

ಇದಾದರೂ ಹೇಗೋ ಸಾಗುತ್ತಿತ್ತು. ಹಾಳಾದದ್ದು ಅವನ ಕಾಲಿನಿಂದ. ಹಳಿಯ ಪಕ್ಕದಲ್ಲೇ ರಸ್ತೆ, ಆಗಾಗ ಸ್ಟೇಷನ್ನು. ಸ್ಟೇಷನ್ನಿನ ತಗಡಿನ ಮಾಡು ದೂರದಲ್ಲಿ ಕಂಡ ಕೂಡಲೇ ಕಾಲು ಅವನ ಮಾತು ಕೇಳದೆ ತಾನಾಗಿ ಬ್ರೇಕಿನ ಮೇಲೆ ಕೂರುತ್ತಿತ್ತು. ರೈಲನ್ನು ನಿಲ್ಲಿಸುವವರು ಬಹಳ ಮೊದಲೇ ಶುರುಮಾಡಬೇಕಲ್ಲ. ವ್ಯಾನು ನಿಧಾನವಾಗಿ, ಘನತೆಯಿಂದ, ಬೀಗ ಹಾಕಿದ ಸ್ಟೇಷನ್ನಿನ ಗೇಟಿನ ಎದುರು ಬಂದು ನಿಂತಿತು. ಗೇಟಿನ ಹೊರಗೆ ಬೆಳಗಿನಿಂದ ಗತಿ ಕಾಣದೆ ನಿಂತಿದ್ದ ಜನಕ್ಕೆ, ಯಾರೋ ಪುಣ್ಯಾತ್ಮ ತಮಗಾಗಿಯೇ ವ್ಯಾನು ನಿಲ್ಲಿಸಿದ ಎನ್ನಿಸಿತು. ಹಿಂದಿನ ಬಾಗಿಲು ತೆಗೆದು ಏರಿ, ಟ್ರೇಗಳನ್ನು ಮಗುಚಿ ಹಾಕಿಕೊಂಡು ಕೂತೇಬಿಟ್ಟರು. ಇಳಿಯಿರಿ ಎಂದರೆ ಜಗಳವಾಗುತ್ತದೆ, ಅತ್ತೆಯ ಮುಂದೆ ಜಗಳವಾಡುವಂತಿಲ್ಲ. ಮುಂದಿನ ಸ್ಟೇಷನ್ನಿನಲ್ಲಿ ಮತ್ತೆ ಕಾಲು, ಮತ್ತೆ ಬ್ರೇಕು, ಮತ್ತೆ ಜನ. ಅದರ ಮುಂದಿನ ಸ್ಟೇಷನ್ನಿಗೆ ವ್ಯಾನಿನ ಹಿಂಭಾಗದಲ್ಲಿ ಎಳ್ಳು ಹಾಕಲೂ ಜಾಗವಿರಲಿಲ್ಲ.

ಹಿಂದೆ ಕೂತವರು ಉಪಕಾರ ಮಾಡಿದ ಡ್ರೈವರನ್ನು ಹೊಗಳಿದರು, ಆಮೇಲೆ ಒಕ್ಕೊರಲಿನಿಂದ ಮುಷ್ಕರದವರನ್ನು ಬೈದರು. ಮೊದಲು ಕೈ ಎತ್ತಿದವನ ಕೈಗೆ ಹುಳ ಬೀಳಲಿ ಎಂದು ದೊಡ್ಡ ಸೂಟ್‌ಕೇಸಿನ ಹೆಂಗಸೊಬ್ಬಳು ಹರಸಿದಳು. ಗಂಟಲಣ್ಣ ಬಲಗೈಯನ್ನು ತೊಡೆಯ ಕೆಳಗೆ ಅಡಗಿಸಿ ಎಡಗೈಯಲ್ಲೇ ಸ್ಟೀರಿಂಗ್ ಹಿಡಿದ. ಅತ್ತೆ ಕಿಟಕಿಯ ಕಡೆ ಮುಖ ತಿರುಗಿಸಿದರು. ಅವರ ಭುಜ ಕುಣಿಯುತ್ತಿದ್ದದ್ದು ರಸ್ತೆಯ ಕುಲುಕಿಗೋ ನಗೆಗೋ ತಿಳಿಯಲಿಲ್ಲ. ಇಷ್ಟಾದರೂ ಒಂದು ಅನುಕೂಲವಾಯಿತು. ಅವನು “ಹಸಿರು” ಎಂದು ಕೂಗಿದರೆ ಈಗ ಹಿಂದಿನಿಂದ ಇಡೀ ಗುಂಪು ಶಾಲೆಯ ಮಕ್ಕಳ ಹಾಗೆ “ಹಸಿರು” ಅನ್ನುತ್ತಿತ್ತು. ವ್ಯಾನು ಹೊರಡುತ್ತಿತ್ತು.

ಊರಿನ ಬಾಗಿಲಲ್ಲಿ ಏರು ಸೇತುವೆ. ಅದರ ನಡುಮಧ್ಯದಲ್ಲಿ ವಾಹನಗಳ ಸಾಲು ನಿಂತಿತು, ವ್ಯಾನೂ ನಿಂತಿತು. ಸಾಲು ಮತ್ತೆ ಹೊರಟಾಗ ವ್ಯಾನು ಹೊರಡಲಿಲ್ಲ. ಬ್ರೇಕಿನಿಂದ ಕಾಲು ತೆಗೆದರೆ ಹಿಂದಕ್ಕೆ ಜಾರುತ್ತದೆ, ಹಿಂದೆ ಬಾಲಕ್ಕೆ ಮೂಗು ತಾಗಿಸಿಕೊಂಡು ಬಸ್ಸು ನಿಂತಿದೆ. ಇಂಜಿನ್ ಒಮ್ಮೆ ಕೆಮ್ಮಿ ಆರಿತು. ಮತ್ತೆ ಶುರುಮಾಡಿದ, ಮತ್ತೆ ಆರಿತು. ಟ್ರೇಗಳು ಗಲಗಲ ಅಂದವು, ಹಿಂದಿನವರು ದೇವರನ್ನು ನೆನೆದರು, ಬಸ್ಸಿನವನು ತಲೆ ಹೊರಗೆ ಹಾಕಿ ಗಂಟಲಣ್ಣನ ವಂಶವನ್ನೆಲ್ಲ ನೆನೆದ. ಯಾವ ಅಧಿಕಾರಿಯ ಮುಂದೆಯೂ ಸೋಲೊಪ್ಪದ ಮನುಷ್ಯ ಅವನು. ಬೆವರಿನಲ್ಲಿ ತೊಯ್ದ ಕೈಗಳನ್ನು ಸ್ಟೀರಿಂಗಿನಿಂದ ತೆಗೆದ.

“ನನ್ನ ಕೈಲಾಗಲ್ಲ ಅತ್ತೆ. ನೀವೇ ಓಡಿಸಿ.”

ಈ ಮಾತಿಗಾಗಿಯೇ ಅವರು ಇಷ್ಟು ವರ್ಷ ಕಾದಿದ್ದರು ಎಂದು ಅವನು ನಂಬಿದ್ದ. ಅತ್ತೆ ಅಲುಗಲಿಲ್ಲ. ಅವನು ಇನ್ನೊಮ್ಮೆ ಬೇಡಿಕೊಂಡ. ಆಗ ಅವರು ಕಪ್ಪು ಕನ್ನಡಕ ತೆಗೆದರು. ಅವನ ಕಡೆ ತಿರುಗಿದರು, ಆದರೆ ನೋಟ ಅವನ ಮುಖಕ್ಕೆ ತಾಗದೆ ಪಕ್ಕದಲ್ಲೆಲ್ಲೋ ಬಿತ್ತು.

“ನಂಗೆ ಕಣ್ಣು ಕಾಣಲ್ಲ ಕಣಪ್ಪ,” ಎಂದರು, ಹಿಂದಿನವರಿಗೆ ಕೇಳಿಸದಷ್ಟು ಮೆಲ್ಲಗೆ. “ಅಂಚಲ್ಲಿ ಒಂದಿಷ್ಟು ಬೆಳಕು ಕಾಣುತ್ತೆ, ನಡುವೆ ಎಲ್ಲಾ ಮಬ್ಬು. ಹೋದ ದೃಷ್ಟಿ ಇನ್ನು ಬರಲ್ಲ ಅಂದಿದಾರೆ ಡಾಕ್ಟ್ರು. ಸ್ಕೂಲು ಮುಚ್ಚಿದೀನಿ. ಅವಳಿಗೆ ಹೇಳಿಲ್ಲ.”

ತನ್ನನ್ನು ಕಂಬದಂತೆ ದಾಟಿ ಹೋದದ್ದು, ಯೂನಿಫಾರಂ ಹುಡುಗಿ, ಮುಂದೆ ಏನಿದೆ ಎಂಬ ಪ್ರಶ್ನೆಗಳು, ಎಲ್ಲ ಒಟ್ಟಿಗೆ ಗಂಟಲಣ್ಣನ ಮೇಲೆ ಬಂದು ಬಿದ್ದವು. ತಾನು ಪರೀಕ್ಷೆ ಎಂದುಕೊಂಡು ಮನಸ್ಸಿನಲ್ಲಿ ಬೈದುಕೊಂಡದ್ದಕ್ಕೆ ಅವನಿಗೆ ನಾಚಿಕೆಯಾಯಿತು. ಹಾಗಾದರೆ ನಮ್ಮಲ್ಲೇ ಇರಿ ಎಂದು ಹೇಗೋ ತೊದಲಿದ.

“ಎರಡು ದಿನ ಅವಳ ದನಿ ಕೇಳ್ಕೊಂಡು ಹೋಗೋಣ ಅಂತ ಬಂದೆ, ಅಷ್ಟೆ. ಊರಿಗೆಲ್ಲ ಮುಂದೆ ನೋಡಿ ಮುಂದೆ ನೋಡಿ ಅಂತ ಗದರಿದೋಳು ನಾನು. ಕೈ ಹಿಡ್ಕೊಂಡು ನಡೆಯೋ ಹಾಗಾಗಿ ಮಗಳ ಮನೇಲಿ ಬಿದ್ಕೊಳ್ಳೋಕೆ ನಂಗಾಗಲ್ಲ.”

ಬಸ್ಸಿನವನು ಹಾರ್ನಿನ ಮೇಲೆ ಕೂತೇಬಿಟ್ಟಿದ್ದ. ಅತ್ತೆ ಮೂಗೊರೆಸಿಕೊಂಡು ಕನ್ನಡಕ ಹಾಕಿಕೊಂಡರು. ಬೆನ್ನು ಮತ್ತೆ ನೆಟ್ಟಗಾಯಿತು.

“ನೀನೀಗ ನಾನು ಹೇಳ್ದಂಗೆ ಮಾಡು. ಹ್ಯಾಂಡ್‌ಬ್ರೇಕ್ ಎಳಿ, ಪೂರ್ತಿ. ಇಂಜಿನ್ ಶುರುಮಾಡು. ಮೊದಲ್ನೇ ಗೇರು. ಆಕ್ಸಿಲರೇಟರ್ ಸ್ವಲ್ಪ ಒತ್ತಿ ಕ್ಲಚ್ಚು ಬಿಡ್ತಾ ಬಾ. ಇನ್ನೂ. ದನಿ ಇಳೀತಲ್ಲ, ಕೇಳಿಸ್ತಾ? ಈಗ ಹ್ಯಾಂಡ್‌ಬ್ರೇಕ್ ಬಿಡು.”

ವ್ಯಾನು ಒಮ್ಮೆ ನಡುಗಿ, ಹಿಂದಕ್ಕೆ ಒಂದಿಂಚೂ ಜಾರದೆ ಏರು ಹತ್ತಿತು. ಹಿಂದಿನವರು ಚಪ್ಪಾಳೆ ಹೊಡೆದರು. ಸೇತುವೆಯ ನೆತ್ತಿ ತಲುಪಿದ ಮೇಲಷ್ಟೇ ಗಂಟಲಣ್ಣನಿಗೆ ಹೊಳೆದದ್ದು, ಅತ್ತೆ ತನ್ನನ್ನು ‘ನೀನು’ ಅಂದಿದ್ದರು. ಅವನಿಗೆ ಅಳು ಬಂದಂತಾಯಿತು. ಎದುರಿಗೆ ಸಿಗ್ನಲ್ ಇತ್ತು, ಅಳುವುದಕ್ಕೆ ಪುರುಸೊತ್ತಿರಲಿಲ್ಲ.

“ಕೆಂಪು,” ಅಂದ.

“ಕೆಂಪು,” ಅಂದರು ಅತ್ತೆ.

ಅಲ್ಲಿಂದ ದೊಡ್ಡ ಸ್ಟೇಷನ್ನಿನವರೆಗೆ ವ್ಯಾನನ್ನು ಇಬ್ಬರೂ ಸೇರಿ ಓಡಿಸಿದರು. ಕಣ್ಣು ಇವನದು, ಕಿವಿ ಅವರದು. ಗೇರು ಬದಲಿಸು ಎಂದು ಅವರು, ಎಡಗಡೆ ಸೈಕಲ್ಲು ಎಂದು ಇವನು.

ಆದರೆ ದೊಡ್ಡ ಸ್ಟೇಷನ್ನಿನ ಎದುರು ಬಾವುಟ ಹಿಡಿದು ಕೂತಿದ್ದವರು ಯಾರೆಂಬುದನ್ನು ಅವನು ಮರೆತೇಬಿಟ್ಟಿದ್ದ. ಯೂನಿಯನ್ನಿನವರ ಕಣ್ಣೆದುರೇ ಬೇಕರಿ ವ್ಯಾನು ಬಂದು ನಿಂತಿತು. ಹಿಂದಿನ ಬಾಗಿಲು ತೆರೆಯಿತು. ಸೂಟ್‌ಕೇಸು, ಚೀಲ, ಮಕ್ಕಳ ಸಮೇತ ವಿಮಾನ ನಿಲ್ದಾಣದ ಲೈನಿನ ಪ್ರಯಾಣಿಕರು ಸಾಲಾಗಿ ಇಳಿದರು. ಇಳಿದವರು ಡ್ರೈವರಿಗೆ ಕೈ ಮುಗಿದರು. ಘೋಷಣೆ ಅರ್ಧಕ್ಕೆ ನಿಂತಿತು. ಕಾರ್ಯದರ್ಶಿ ಹತ್ತಿರ ಬಂದು, ಎಲ್ಲರಿಗಿಂತ ಮೊದಲು ಕೈ ಎತ್ತಿದವನು ನೀನು, ಈಗ ಪ್ರತಿ ಸ್ಟೇಷನ್ನಿನಲ್ಲೂ ನಿಲ್ಲಿಸಿ ಜನ ತುಂಬಿಕೊಂಡು ಬಂದಿದ್ದೀಯಲ್ಲ, ಏನಿದರ ಅರ್ಥ ಎಂದು ಕೇಳಿದ. ಸೂಟ್‌ಕೇಸಿನ ಹೆಂಗಸು ಗಂಟಲಣ್ಣನ ಕೈಯನ್ನೊಮ್ಮೆ, ಮುಖವನ್ನೊಮ್ಮೆ ನೋಡಿದಳು. ಅವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕಾಲಿನ ತಪ್ಪು ಎಂದು ಹೇಳಿದರೆ ಯಾರು ನಂಬುತ್ತಾರೆ?

ಅತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

“ಈ ಬ್ರೆಡ್ಡಿನ ವ್ಯಾನಿಗೇ ಇಬ್ಬರು ಬೇಕಾಯ್ತು,” ಎಂದರು, ಡ್ರೈವಿಂಗ್ ಸ್ಕೂಲಿನ ದನಿಯಲ್ಲಿ. “ಅಷ್ಟು ದೊಡ್ಡ ರೈಲಿಗೆ ಒಬ್ಬ ಸಾಕು ಅಂದೋನು ಯಾರು, ಕರೀರಿ ಅವನ್ನ ಇಲ್ಲಿ. ಇವರನ್ನೆಲ್ಲ ಸಾಕ್ಷಿಗೆ ಕರ್ಕೊಂಡು ಬಂದಿದೀವಿ.”

ಸೂಟ್‌ಕೇಸಿನ ಹೆಂಗಸೇ ಮುಂದೆ ಬಂದು, ಹೌದು, ಸೇತುವೆ ಮೇಲೆ ಇವನೊಬ್ಬನೇ ಓಡಿಸುತ್ತಿದ್ದಾಗ ನಾವೆಲ್ಲ ಸತ್ತೇ ಹೋಗಿದ್ದೆವು ಎಂದು ಸಾಕ್ಷಿ ನುಡಿದಳು. ಬಾವುಟಗಳು ಎದ್ದವು. ಯಾರೋ ಅತ್ತೆಗೆ ಜೈ ಎಂದು ಕೂಗಿದರು. ಕಾರ್ಯದರ್ಶಿ ಅವರಿಗೆ ಮೈಕು ಕೊಡಲು ಬಂದ. ಮನೆಯಲ್ಲಿ ಮಗಳು ಕಾಯುತ್ತಿದ್ದಾಳೆ ಎಂದು ಹೇಳಿ ಗಂಟಲಣ್ಣ ವ್ಯಾನು ಹೊರಡಿಸಿದ.

ಮನೆಯ ಬೀದಿಗೆ ತಿರುಗುವಾಗ ಅವನು ಬಾಯಿಬಿಟ್ಟ. ವಾಪಸ್ ಹೋಗಬೇಡಿ, ನಿಮ್ಮ ಮಗಳು ಪರದೆ ಹೊಲಿದು ಕೋಣೆ ಸಿದ್ಧಮಾಡಿದ್ದಾಳೆ, ನೀವು ಹೋದರೆ ಅವಳು ನನ್ನ ಹತ್ತಿರ ಮಾತು ಬಿಡುತ್ತಾಳೆ ಎಂದೆಲ್ಲ ಹೇಳಿದ. ಕಣ್ಣಿನ ಮಾತನ್ನು ಮಾತ್ರ ನೀವೇ ಅವಳಿಗೆ ಹೇಳಬೇಕು, ನಾನು ಹೇಳುವುದಿಲ್ಲ ಅಂದ. ಅತ್ತೆ ಪರ್ಸಿನ ಗುಂಡಿಯನ್ನು ತೆಗೆಯುತ್ತ ಹಾಕುತ್ತ ಕೂತಿದ್ದರು.

ಹೆಂಡತಿ ಗೇಟಿನಲ್ಲೇ ನಿಂತಿದ್ದಳು. ಅಮ್ಮನನ್ನು ತಬ್ಬಿಕೊಂಡಳು, ಗಂಡನ ಒದ್ದೆ ಅಂಗಿ ನೋಡಿದಳು. ದಾರಿಯಲ್ಲಿ ಏನೋ ಆಗಿದೆ, ಅಮ್ಮ ಈಗಲೇ ಹೊರಡುತ್ತಾಳೆ ಎಂಬುದು ಅವಳಿಗೆ ಖಾತ್ರಿಯಾಯಿತು.

“ಹೇಗೆ ಓಡಿಸಿದ್ರಮ್ಮ ಇವರು?” ಎಂದು ಹೆದರುತ್ತಲೇ ಕೇಳಿದಳು.

ಅತ್ತೆ ಮಗಳ ತೋಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು.

“ದಂಡ,” ಅಂದರು. “ಕ್ಲಚ್ ಗೊತ್ತಿಲ್ಲ, ಗೇರ್ ಗೊತ್ತಿಲ್ಲ, ದಾರೀನೂ ಗೊತ್ತಿಲ್ಲ. ಇವನನ್ನ ಹೀಗೇ ಬಿಟ್ಟು ಹೋದ್ರೆ ನಿನ್ನನ್ನೆಲ್ಲಾದ್ರೂ ಹಳ್ಳಕ್ಕೆ ಹಾಕ್ತಾನೆ. ನಾನು ಇಲ್ಲೇ ಇದ್ದು ಕಲಿಸ್ಬೇಕು.”

“ಎಷ್ಟು ದಿನ ಬೇಕಾಗುತ್ತಮ್ಮ?”

“ನಿನ್ನ ಗಂಡ ಸಾಮಾನ್ಯ ದಡ್ಡ ಅಲ್ಲ. ವರ್ಷಗಟ್ಟಲೆ ಬೇಕು.”

ಹೆಂಡತಿ ಗಂಡನ ಕಡೆ ನೋಡಿದಳು. ಇಷ್ಟು ವರ್ಷ ಡ್ರೈವರ್ ಅನ್ನಿಸಿಕೊಂಡವರಿಗೆ ಅಷ್ಟೂ ಬರುವುದಿಲ್ಲವೇ ಎಂದು ಕೇಳಿದಳು. ಯಾವ ಸಭೆಯಲ್ಲೂ ಒಂದು ಮಾತು ಬಿಟ್ಟುಕೊಡದ ಗಂಟಲಣ್ಣ ತಲೆ ತಗ್ಗಿಸಿದ. “ಇಲ್ಲ ಕಣೆ, ಏನೇನೂ ಬರಲ್ಲ,” ಅಂದ. ಹುಟ್ಟಿದಂದಿನಿಂದ ಅವನನ್ನು ಬೈದವರು ಬಹಳ ಜನ. ಬೈಸಿಕೊಂಡು ಇಷ್ಟು ಸಂತೋಷವಾದದ್ದು ಅವನಿಗೆ ಅದೇ ಮೊದಲು.